ಎಡಗಿವಿ

ಅಣ್ಣ ಬಟನ್ ಒತ್ತಲಿಲ್ಲ.

ಅವಳು ಗಾಜಿನ ಕಿಟಕಿಯಾಚೆ ನೋಡಿದಳು. ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ ಕಿವಿ ಪರೀಕ್ಷೆಯ ಆ ಪುಟ್ಟ ಕೋಣೆಯಲ್ಲಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಶಾಲೆಯ ಫೋಟೊಗೆ ಕೂತ ಹುಡುಗನ ಹಾಗೆ ಅಣ್ಣ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಹೆಬ್ಬೆರಳು ಬಟನ್ನಿನ ಮೇಲೆಯೇ ಇತ್ತು. ಕಣ್ಣು ಮುಚ್ಚಿದ್ದ. ಸ್ವರ ಅವನ ಎರಡೂ ಕಿವಿಗೆ ಹೋಗುತ್ತಿತ್ತು. ಯಂತ್ರದ ಎರಡೂ ಹಸಿರು ದೀಪ ಉರಿಯುತ್ತಿದ್ದವು. ಎಡಗಿವಿ ಸತ್ತಿದ್ದರೂ ಬಲಗಿವಿ ಇತ್ತಲ್ಲ, ಅದಕ್ಕೆ ಕೇಳಿಸಿ ಅವನು ಒತ್ತಬೇಕಿತ್ತು.

ವಯರು ಸಡಿಲವಾಗಿರಬೇಕು ಎಂದುಕೊಂಡು ಯಂತ್ರದ ಹಿಂದಕ್ಕೆ ಕೈಹಾಕಿ ಒಂದೊಂದು ಪಿನ್ನನ್ನೂ ಅದುಮಿ ನೋಡಿದಳು. ಎಲ್ಲ ಗಟ್ಟಿಯಾಗಿಯೇ ಇದ್ದವು. ಎದ್ದು ಬಾಗಿಲು ತೆರೆದು ಒಳಗೆ ಹೋದಳು. ಅಣ್ಣ ಕಣ್ಣು ಬಿಟ್ಟ. ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ, ರೂಢಿಯಂತೆ ಬಲಗಿವಿಯನ್ನು ಅವಳ ಕಡೆ ತಿರುಗಿಸಿದ.

“ಮುಗೀತಾ ಪುಟ್ಟಿ?”

“ಇಲ್ಲ, ಅದನ್ನ ಕೊಡು ಒಂದ್ನಿಮಿಷ.”

ಹೆಡ್‌ಫೋನನ್ನು ತನ್ನ ಕಿವಿಗೆ ಇಟ್ಟುಕೊಂಡು, ಬಾಗಿಲಾಚೆ ಕೈಚಾಚಿ ಯಂತ್ರದ ಗುಂಡಿ ಒತ್ತಿದಳು. ಎಡಕ್ಕೆ ಸ್ವರ ಬಂತು. ಬಲಕ್ಕೂ ಬಂತು. ಯಂತ್ರ ಹೊಸದು ನಿಜ, ಆದರೆ ಸುಳ್ಳು ಹೇಳುವಷ್ಟು ಬುದ್ಧಿ ಅದಕ್ಕಿರಲಿಲ್ಲ.

“ಸತ್ತೋರನ್ನ ಎಷ್ಟು ಸಲ ಕೂಗಿದ್ರೂ ಉತ್ತರ ಅಷ್ಟೇ ಕಣೇ,” ಎಂದು ಅಣ್ಣ ನಕ್ಕ. “ಆ ಕಿವಿ ಮುಂದೆ ಕೂತ್ಕೊಂಡು ಸುಮ್ನೆ ಯಾಕೆ ಒದ್ದಾಡ್ತೀಯ?”

“ಇನ್ನೊಂದೇ ಸಲ.”

“ಆಯ್ತಮ್ಮ. ನಿನ್ನ ಸಮಾಧಾನಕ್ಕೆ.”

ಅವಳ ಸಮಾಧಾನಕ್ಕೆ. ಯಾಕೆಂದರೆ ಆ ಕಿವಿಯನ್ನು ಕೊಂದವಳು ಅವಳೇ.

ಅದು ಮನೆಯಲ್ಲಿ ಯಾರೂ ಮುಚ್ಚಿಟ್ಟ ವಿಷಯವಲ್ಲ, ಎತ್ತಿ ಆಡಿದ ವಿಷಯವೂ ಅಲ್ಲ. ಅಪ್ಪ ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದರು. ಅವರ ಉಕ್ಕಿನ ಸೀಟಿ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಒಂದು ರಜೆಯ ಮಧ್ಯಾಹ್ನ, ಅವಳಿನ್ನೂ ಮೂರನೆಯ ತರಗತಿ, ಗಿಡಗಳಿಗೆ ನೀರು ಬಿಡುವ ಉದ್ದದ ರಬ್ಬರ್ ಪೈಪಿನಲ್ಲಿ ಇಬ್ಬರೂ ಫೋನಿನ ಆಟ ಆಡುತ್ತಿದ್ದರು. ಅಣ್ಣ ಹಿಂಬಾಗಿಲ ಮೆಟ್ಟಿಲ ಮೇಲೆ, ಅವಳು ಅಂಗಳದ ಆಚೆ ತುದಿಯ ಗೋಡೆಯ ಮರೆಯಲ್ಲಿ. ಪಿಸುಗುಟ್ಟಿದರೂ ಆಚೆ ಕಡೆಯವರಿಗೆ ಕಿವಿಯೊಳಗೇ ಬಂದು ಮಾತಾಡಿದಂತೆ ಕೇಳುತ್ತಿತ್ತು. ಪಿಸುಮಾತೇ ಇಷ್ಟು ಚೆನ್ನಾಗಿ ಹೋಗುವುದಾದರೆ ಸೀಟಿ ಹೇಗೆ ಹೋದೀತು ಎಂಬ ಕುತೂಹಲ ಹುಟ್ಟಿದ್ದು ಅವಳಿಗೆ. ಸೀಟಿಯನ್ನು ಪೈಪಿನ ಬಾಯಿಗೆ ತುರುಕಿ, ಎದೆ ತುಂಬ ಉಸಿರೆಳೆದು ಊದಿದಳು.

ಬಯಲಿನಲ್ಲಿ ಊದಿದ ಸೀಟಿ ಎಲ್ಲ ದಿಕ್ಕಿಗೂ ಹರಡುತ್ತದೆ, ಹರಡುತ್ತ ಹರಡುತ್ತ ತೆಳ್ಳಗಾಗುತ್ತದೆ. ಪೈಪಿನೊಳಗೆ ಅದಕ್ಕೆ ಹರಡಲು ಜಾಗವೇ ಇಲ್ಲ. ಹೊರಟಿದ್ದು ಹೆಚ್ಚುಕಡಿಮೆ ಹೊರಟಷ್ಟೇ ಹೋಗಿ ಮುಟ್ಟುತ್ತದೆ. ಇದನ್ನು ಅವಳು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ಗೋಡೆಯ ಮರೆಯಿಂದ ಇಣುಕಿದಾಗ ಕಂಡದ್ದು, ಅಣ್ಣ ಎಡಗಿವಿ ಹಿಡಿದುಕೊಂಡು ಮೆಟ್ಟಿಲ ಬುಡದಲ್ಲಿ ಹೊರಳಾಡುತ್ತಿದ್ದುದು.

“ಬಂದ್ರೂ ಬರಬಹುದು, ಬರದೇನೂ ಇರಬಹುದು. ಕಾದು ನೋಡಿ,” ಎಂದರು ಡಾಕ್ಟರು. ಕಾದರು. ಬರಲಿಲ್ಲ.

ಅವಳು ತನ್ನ ಸೈಕಲ್ಲನ್ನು ಅಣ್ಣನಿಗೆ ಕೊಟ್ಟುಬಿಟ್ಟಳು. ಕಿಟಕಿ ಪಕ್ಕದ ಮಂಚ ಕೊಟ್ಟಳು. ಊಟಕ್ಕೆ ಕೂತಾಗ ಅವನ ಎಡಕ್ಕೆ ಕೂತಳು, ರಸ್ತೆಯಲ್ಲಿ ಅವನ ಎಡಕ್ಕೆ ನಡೆದಳು, ಆ ಕಡೆಯಿಂದ ಯಾರು ಏನಂದರೂ ಅದನ್ನು ಹಿಡಿದು ಅವನ ಬಲಗಿವಿಗೆ ದಾಟಿಸಿದಳು. ಶಾಲೆಯಲ್ಲಿ ಅವಳ ಹೆಸರೇ ಹೋಗಿ ‘ಎಡಗಿವಿ’ ಆಯಿತು. ಅಪ್ಪ ಹೋದ ಮೇಲೆ ಅಣ್ಣ ಗಾಜು ಕತ್ತರಿಸಿ ಕಟ್ಟು ಹಾಕುವ ಅಂಗಡಿ ಇಟ್ಟಾಗ, ಅವನ ಮೇಜಿನ ಎಡಕ್ಕೆ ಒಂದು ಸ್ಟೂಲೂ ಬಂತು. ಅದು ಯಾರಿಗೆ ಎಂದು ಯಾರೂ ಕೇಳಲಿಲ್ಲ. ದೂರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಲು ಸೀಟು ಸಿಕ್ಕಾಗ ಅಮ್ಮ ಬೇಡ ಅನ್ನಲಿಲ್ಲ. “ನೀನು ಹೋದ್ರೆ ಅವನ ಆ ಕಡೆ ಯಾರಿರ್ತಾರೆ?” ಎಂದು ಕೇಳಿದರು, ಅಷ್ಟೆ. ಬೈದಿದ್ದರೆ ಹೋಗಿಬಿಡುತ್ತಿದ್ದಳೇನೊ. ಊರಿನ ಆಸ್ಪತ್ರೆಯಲ್ಲೇ ಕಿವಿ ಪರೀಕ್ಷೆಯ ಕೆಲಸ ಕಲಿತಳು. ಅಣ್ಣನಿಗೆ ಮದುವೆಯಾಯಿತು. ಅತ್ತಿಗೆ ಬಂದು ಅವನ ಬಲಕ್ಕೆ ಕೂತಳು. ಎಡಗಡೆಯ ಜಾಗ ಮಾತ್ರ ಖಾಯಂ ಆಗಿ ಇವಳದೇ ಉಳಿಯಿತು.

ಕೆಲಸ ಅವಳಿಗೆ ಒಗ್ಗಿತು. ಸುಳ್ಳೇಕೆ, ಅವಳಿಗೆ ಅದರ ಹುಚ್ಚೇ ಹಿಡಿಯಿತು. ಹೆದರಿಕೊಂಡು ಬರುವ ಮಕ್ಕಳ ಮುಂದೆ ಬಟ್ಟಲಲ್ಲಿ ನೀರಿಟ್ಟು, ಎರಡು ಕವಲಿನ ಉಕ್ಕಿನ ಕಡ್ಡಿಯನ್ನು ಮಂಡಿಗೆ ಬಡಿದು ನೀರಿಗೆ ತಾಗಿಸುತ್ತಿದ್ದಳು. ಚಿರ್ರೆಂದು ನೀರು ಸಿಡಿದರೆ ಮಕ್ಕಳು ಕಿಲಕಿಲ ನಗುತ್ತಿದ್ದವು. “ನೋಡು, ಕಡ್ಡಿ ನಡುಗ್ತಾ ಇದೆ. ಅದು ಪಕ್ಕದ ಗಾಳೀನ ನೂಕುತ್ತೆ. ಆ ಗಾಳಿ ಅದರ ಪಕ್ಕದ್ದನ್ನ ನೂಕಿ ವಾಪಸ್ ತನ್ನ ಜಾಗಕ್ಕೇ ಬರುತ್ತೆ. ಗಾಳಿ ಎಲ್ಲಿಗೂ ಹೋಗಲ್ಲ ಪುಟ್ಟಾ, ಇದ್ದಲ್ಲೇ ಇರುತ್ತೆ. ನೂಕೋದು ಮಾತ್ರ ಹೋಗುತ್ತೆ. ನಿನ್ನ ಕಿವಿ ಬಾಗಿಲಿಗೆ ಬಂದು ಟಕಟಕ ಅಂತ ಬಡಿಯುತ್ತೆ,” ಎನ್ನುತ್ತಿದ್ದಳು. ಎಷ್ಟು ಸಲ ಹೇಳಿದರೂ ಅವಳಿಗೆ ಬೇಜಾರು ಬರುತ್ತಿರಲಿಲ್ಲ.

ಕಿವುಡರಲ್ಲದ ಕಿವುಡರೂ ಬರುತ್ತಿದ್ದರು. ಕಾರ್ಖಾನೆಯ ಕಾವಲಿನ ಕೆಲಸದಿಂದ ಕುರ್ಚಿಯ ಕೆಲಸಕ್ಕೆ ಹೋಗಬೇಕೆಂದು ಒಬ್ಬ ಒಂದು ಕಿವಿಯನ್ನು ಸಾಯಿಸಿಕೊಂಡು ಬಂದಿದ್ದ. ಬರೀ ಆ ಕಿವಿಗೆ ಸ್ವರ ಬಿಟ್ಟರೆ ಏನೂ ಪ್ರಯೋಜನವಿಲ್ಲ, ಕೇಳಿಸಿದರೂ ಒತ್ತದೆ ಕೂತರಾಯಿತು. ಅಂಥವರಿಗೇ ಜೋಡಿ ಸ್ವರದ ಪರೀಕ್ಷೆ ಇರುವುದು. ಒಂದೇ ಸ್ವರವನ್ನು, ಸೆಕೆಂಡಿಗೆ ಅಷ್ಟೇ ಅಲೆಗಳಿರುವ ಸ್ವರವನ್ನು, ಎರಡೂ ಕಿವಿಗೆ ಒಟ್ಟಿಗೆ ಬಿಡುವುದು. ಒಳ್ಳೆಯ ಕಿವಿಗೆ ಮೆಲ್ಲಗೆ, ಸತ್ತಿದೆ ಎನ್ನುವ ಕಿವಿಗೆ ಜೋರಾಗಿ. ಮನುಷ್ಯನ ತಲೆಗೆ ಒಂದು ಗುಣವಿದೆ: ಒಂದೇ ಸ್ವರ ಎರಡೂ ಕಡೆ ಬಂದರೆ ಜೋರಾದ ಕಡೆ ಮಾತ್ರ ಕೇಳಿಸುತ್ತದೆ, ಮೆಲ್ಲಗಿನದು ಇದೆ ಎಂಬುದೇ ತಿಳಿಯುವುದಿಲ್ಲ. ಕಿವಿ ನಿಜವಾಗಿ ಸತ್ತಿದ್ದರೆ ಒಳ್ಳೆಯ ಕಿವಿಯ ಮೆಲುಸ್ವರ ಕೇಳಿ ಪಾಪದವನು ಒತ್ತುತ್ತಾನೆ. ನಾಟಕದವನಿಗೆ ಸ್ವರ ‘ಸತ್ತ’ ಕಿವಿಯಲ್ಲೇ ಕೇಳಿಸುತ್ತದೆ. ಇದು ನನಗೆ ಕೇಳಿಸಬಾರದ್ದು ಎಂದು ಅವನು ಜಾಣತನದಿಂದ ಸುಮ್ಮನಿರುತ್ತಾನೆ. ಸುಮ್ಮನಿದ್ದದ್ದಕ್ಕೇ ಸಿಕ್ಕಿಬೀಳುತ್ತಾನೆ. ಆ ಕಾವಲಿನವನು ಸಿಕ್ಕಿಬಿದ್ದ ದಿನ ಅವಳೂ ಡಾಕ್ಟರಮ್ಮನೂ ಟೀ ಕುಡಿಯುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅಣ್ಣನಿಗೆ ಈ ಪರೀಕ್ಷೆ ಮಾಡುವ ಯೋಚನೆ ಅವಳ ಕನಸಿನಲ್ಲೂ ಬಂದಿರಲಿಲ್ಲ. ಕೆಲಸ ಕಲಿಯುವಾಗ ಒಮ್ಮೆ ಹಳೆಯ ಯಂತ್ರದಲ್ಲಿ ಅವನ ಎಡಗಿವಿಗೆ ಸ್ವರ ಬಿಟ್ಟು ನೋಡಿದ್ದಳು. ಅವನು ಒಂದು ಸಲವೂ ಒತ್ತಿರಲಿಲ್ಲ, ಅವಳು ಬಾತ್‌ರೂಮಿಗೆ ಹೋಗಿ ಅತ್ತು ಬಂದಿದ್ದಳು. ಅಲ್ಲಿಗೆ ಮುಗಿದಿತ್ತು. ಈಗ ಹೊಸದೊಂದು ಸಾಧನ ಬಂದಿತ್ತು. ಸತ್ತ ಕಿವಿಯ ಹಿಂದೆ ಕೂಡಿಸಿದರೆ ಆ ಕಡೆಯ ಸದ್ದನ್ನು ಹಿಡಿದು, ತಲೆಬುರುಡೆಯ ಮೂಳೆಯನ್ನು ನಡುಗಿಸಿ, ಬದುಕಿದ ಕಿವಿಗೆ ದಾಟಿಸುತ್ತದೆ. ಅದರ ವಿವರ ಓದಿದಾಗ ಅವಳಿಗೆ ನಗು ಬಂದಿತ್ತು: ತಾನು ಇಷ್ಟು ವರ್ಷ ಮಾಡಿದ ಕೆಲಸವನ್ನೇ ಅದು ಮಾಡುತ್ತದೆ, ಕಡಲೆಕಾಳಿನಷ್ಟು ಜಾಗದಲ್ಲಿ.

ಅದೇ ಹೊತ್ತಿಗೆ ದೊಡ್ಡ ಊರಿನ ಆಸ್ಪತ್ರೆಯೊಂದು, ಹೊಸಬರಿಗೆ ಕೆಲಸ ಕಲಿಸಲು ಬರುತ್ತೀರಾ ಎಂದು ಅವಳನ್ನು ಮೂರನೆಯ ಬಾರಿ ಕೇಳಿತ್ತು. ಹಿಂದಿನ ಎರಡು ಸಲ ಬರಲಾಗುವುದಿಲ್ಲ ಅಂದಿದ್ದಳು. ಈ ಸಲ ಉತ್ತರ ಕೊಡದೆ ಇಟ್ಟುಕೊಂಡಿದ್ದಳು. ಅಣ್ಣನಿಗೆ ಆ ಸಾಧನ ಕೂಡಿಸಿ ಹೊರಟುಬಿಡುವುದು. ಅಪರಾಧವೂ ತೀರುತ್ತದೆ, ತಾನೂ ಬಿಡುಗಡೆಯಾಗುತ್ತೇನೆ. ತಲೆಯಲ್ಲಿ ಒಂದೆರಡು ನರೆ ಕಂಡ ಮೇಲಾದರೂ ಒಂದು ಬಾಡಿಗೆ ಮನೆ, ಒಂದೇ ಒಂದು ಕುರ್ಚಿ, ಅದರ ಯಾವ ಪಕ್ಕದಲ್ಲೂ ಯಾರೂ ಇರಬಾರದು. ಅಣ್ಣನನ್ನು ಕಾಡಿಬೇಡಿ ಒಪ್ಪಿಸಿದಳು. ಒಂದು ಕಿವಿ ಮಾತ್ರ ಹೋದವರಿಗೆ ಸಾಧನ ಕೊಡುವ ಮೊದಲು ಜೋಡಿ ಸ್ವರ ಮಾಡಲೇಬೇಕು ಎಂಬುದು ಡಾಕ್ಟರಮ್ಮನ ಕಟ್ಟುನಿಟ್ಟು. ಶಾಸ್ತ್ರಕ್ಕೆ ಮಾಡಿಬಿಡೋಣ ಎಂದು ಅವಳು ಗುಂಡಿ ಒತ್ತಿದ್ದಳು.

ಮತ್ತೆ ಒತ್ತಿದಳು. ಅಣ್ಣ ಒತ್ತಲಿಲ್ಲ.

ಬರೀ ಬಲಕ್ಕೆ ಅದೇ ಮೆಲುಸ್ವರ ಬಿಟ್ಟಳು. ತಕ್ಷಣ ಒತ್ತಿದ. ಎಡಕ್ಕೂ ಸೇರಿಸಿದಳು. ಹೆಬ್ಬೆರಳು ಕಲ್ಲಾಯಿತು. ಬಲದ ಸ್ವರವನ್ನು ಮುಟ್ಟದೆ, ಎಡದ್ದನ್ನು ಒಂದೊಂದೇ ಹಂತ ತಗ್ಗಿಸುತ್ತ ಬಂದಳು. ಸುಮ್ಮನೆ. ಸುಮ್ಮನೆ. ಇನ್ನೂ ಸುಮ್ಮನೆ. ಎಲೆ ಅಲ್ಲಾಡಿದಷ್ಟು ಸಣ್ಣ ಸದ್ದಿಗೆ ಇಳಿದ ಮೇಲೆ ಅಣ್ಣನ ಮುಖ ಹಗುರಾಯಿತು, ಹೆಬ್ಬೆರಳು ಒತ್ತಿತು. ಎಡದ್ದು ಅಷ್ಟು ಕ್ಷೀಣವಾದ ಮೇಲೆಯೇ ಅವನಿಗೆ ಬಲದ್ದು ಕೇಳಿಸಿದ್ದು.

ಕೀಚಲು ಸ್ವರದಲ್ಲಿ ಮಾಡಿದಳು, ಗಡಸು ಸ್ವರದಲ್ಲಿ ಮಾಡಿದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಇಂಥ ಹೊತ್ತಿನಲ್ಲಿ ಕೈಗೆ ರೂಢಿಯಿರುವುದು ಒಳ್ಳೆಯದು. ಎಡಗಿವಿ ಬದುಕಿತ್ತು. ಬರೀ ಬದುಕಿದ್ದಲ್ಲ, ಬಲಗಿವಿಗಿಂತ ಒಂದು ಕೈ ಮೇಲೇ ಇತ್ತು. ಅಂಗಡಿಯಲ್ಲಿ ಗಾಜಿನ ಅಂಚು ತೀಡುವ ಯಂತ್ರ ಅವನ ಬಲಕ್ಕಿತ್ತು. ಇಷ್ಟು ವರ್ಷ ಅದರ ಕಿರಿಕಿರಿಗೆ ಬಲಗಿವಿ ಸವೆದಿತ್ತು. ಬಳಸದೆ ಕಪಾಟಿನಲ್ಲಿಟ್ಟ ಒಳ್ಳೆಯ ಪಾತ್ರೆಯಂತೆ ಎಡಗಿವಿ ಹೊಸದಾಗಿಯೇ ಉಳಿದಿತ್ತು.

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಯಾರೋ ತನ್ನನ್ನು ಬರೀ ಮೈಯಲ್ಲಿ ನೋಡಿದಂಥ ನಾಚಿಕೆ. ಅದು ಯಾಕೆ ಎಂದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲಿಲ್ಲ.

ಡಾಕ್ಟರಮ್ಮ ಬಾಗಿಲಲ್ಲಿ ಇಣುಕಿದರು. “ಹೇಗೆ ಬಂತು? ಸಾಧನಕ್ಕೆ ಹೇಳಿಬಿಡೋಣ್ವಾ?”

“ಬೇಡ ಮೇಡಂ. ಆ ಕಿವಿಗೆ ಅದು ಸರಿಹೋಗಲ್ಲ.”

“ಅಯ್ಯೋ, ಪಾಪ,” ಎಂದರು ಡಾಕ್ಟರಮ್ಮ. ಅವಳ ಹೆಗಲು ತಟ್ಟಿ ಹೋದರು.

ಅಣ್ಣ ಹೊರಗೆ ಬಂದು ಕೂದಲು ಸರಿಮಾಡಿಕೊಂಡ. “ಏನಂತು ಸತ್ತ ಕಿವಿ?”

“ಏನೂ ಅನ್ಲಿಲ್ಲ.”

“ನಾನು ಹೇಳಿರ್ಲಿಲ್ವಾ?” ಅವಳ ತಲೆಯ ಮೇಲೆ ಕೈಯಿಟ್ಟು ಸವರಿದ. “ಬೇಜಾರು ಮಾಡ್ಕೋಬೇಡ್ವೇ. ನಾನದನ್ನ ಯಾವತ್ತೋ ಮರೆತುಬಿಟ್ಟಿದೀನಿ. ನೀನೂ ಮರೆತುಬಿಡು. ಮಕ್ಕಳಾಟ ಅದು.” ಅವನ ಕಣ್ಣುಗಳು ನಿಜಕ್ಕೂ ಒದ್ದೆಯಾಗಿದ್ದವು. ಕ್ಷಮಿಸಿ ಕ್ಷಮಿಸಿ ಅವನಿಗೆ ಅಭ್ಯಾಸವಾಗಿ ಹೋಗಿತ್ತು.

ಅವನು ಹೋದ ಮೇಲೆ ಅವಳು ಬೇರೆ ರೋಗಿಗಳನ್ನು ನೋಡಿದಳು. ಒಬ್ಬ ಅಜ್ಜನ ಕಿವಿಯ ಯಂತ್ರಕ್ಕೆ ಬ್ಯಾಟರಿ ಹಾಕಿಕೊಟ್ಟಳು. ಒಂದು ಮಗುವಿನ ಮುಂದೆ ಬಟ್ಟಲಿಟ್ಟು, ಕಡ್ಡಿ ಬಡಿದು, ಗಾಳಿ ಎಲ್ಲಿಗೂ ಹೋಗಲ್ಲ ಪುಟ್ಟಾ, ಇದ್ದಲ್ಲೇ ಇರುತ್ತೆ ಎನ್ನುವಾಗ ಅವಳ ಮಾತು ನಿಂತುಹೋಯಿತು. ಮಗು ಮುಖ ನೋಡಿತು. ಮಗುವಿನ ತಾಯಿಯೂ ನೋಡಿದಳು. “ಒಂದು ನಿಮಿಷ,” ಎಂದು ಅವಳು ಎದ್ದುಹೋಗಿ ನೀರು ಕುಡಿದು ಬಂದಳು. ನೀರು ಕುಡಿಯುವಾಗಲೇ ನಾಚಿಕೆಯ ಕಾರಣ ಹೊಳೆದದ್ದು.

ಆ ಕಿವಿಗೆ ಅವಳು ಎಲ್ಲವನ್ನೂ ಹೇಳಿದ್ದಳು.

ಯಾವಾಗ ಶುರುವಾಯಿತೋ ನೆನಪಿಲ್ಲ. ಮನಸ್ಸು ಭಾರವಾದಾಗ ಸಂಜೆ ಆ ಸ್ಟೂಲಿನ ಮೇಲೆ ಕೂತು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅಣ್ಣ ಗಾಜಿನ ಮೇಲೆ ಬಗ್ಗಿ ಗೆರೆ ಎಳೆಯುತ್ತಿರುವಾಗ, ಅವನ ಎಡಗಿವಿಗೆ ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವುದು. ಗೋಡೆಗೆ ಹೇಳಿದರೆ ಹುಚ್ಚು ಅನ್ನುತ್ತಾರೆ. ಮನುಷ್ಯರಿಗೆ ಹೇಳಿದರೆ ಊರಿಗೆಲ್ಲ ಹಬ್ಬುತ್ತದೆ. ಅಣ್ಣನ ಸತ್ತ ಕಿವಿ ಇವೆರಡರ ನಡುವಿನದು: ಬೆಚ್ಚಗಿತ್ತು, ರಕ್ತಸಂಬಂಧದ್ದಾಗಿತ್ತು, ಬಾಯಿಬಿಡುತ್ತಿರಲಿಲ್ಲ. ಅಮ್ಮನ ಮೇಲಿನ ಸಿಟ್ಟು, ಅತ್ತಿಗೆಯ ಮೇಲಿನ ಹೊಟ್ಟೆಕಿಚ್ಚು, ಅಮ್ಮ ಮಲಗಿದ ಕೊನೆಯ ದಿನಗಳಲ್ಲಿ ಬೇಗ ಹೋಗಿಬಿಡಲಿ ಎಂದು ತನಗೆ ಅನ್ನಿಸಿದ್ದು, ಎಲ್ಲ ಅಲ್ಲಿಗೇ ಹೋಗಿತ್ತು. ತಾನೇ ಹಾಳು ಮಾಡಿದ ಅಣ್ಣನ ಕಿವಿಯಲ್ಲಿ ತನ್ನ ಕಸವನ್ನೂ ಸುರಿಯುತ್ತಿದ್ದೇನಲ್ಲ ಎಂದು ಎಷ್ಟೋ ಸಲ ಪಾಪಪ್ರಜ್ಞೆ ಕಾಡಿತ್ತು.

ರೇಡಿಯೊ ನಿಲಯದವನ ವಿಷಯವೂ ಅಲ್ಲಿಗೇ ಹೋಗಿತ್ತು. ಧ್ವನಿಮುದ್ರಣ ಮಾಡುವವನು; ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಗೆ ಬರುತ್ತಿದ್ದವನು ಆಮೇಲಾಮೇಲೆ ಕಿವಿ ಚೆನ್ನಾಗಿದ್ದರೂ ಬರತೊಡಗಿದ. ಖಾಲಿ ಕೋಣೆಗೂ ತುಂಬಿದ ಕೋಣೆಗೂ ಮೌನ ಬೇರೆಬೇರೆ ಎಂದು ಅವಳಿಗೆ ತೋರಿಸಿಕೊಟ್ಟವನು ಅವನು. ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಬಾ ಎಂದ. ಆ ಸಂಜೆ ಅವಳು ಸ್ಟೂಲಿನ ಮೇಲೆ ಕೂತು, ತುಟಿ ಹೆಚ್ಚು ಅಲ್ಲಾಡಿಸದೆ ಹೇಳಿದ್ದಳು: “ಅಣ್ಣಾ, ನನಗೆ ಅವನ ಜೊತೆ ಹೋಗಬೇಕು ಅಂತ ಜೀವ ಒದ್ದಾಡ್ತಿದೆ. ನೀನು ‘ಹೋಗು’ ಅಂತ ಒಂದು ಮಾತು ಅಂದ್ರೆ ಸಾಕು, ಹೋಗಿಬಿಡ್ತೀನಿ. ಬಲಗಿವಿಗೆ ಕೇಳೋಕೆ ಮಾತ್ರ ಧೈರ್ಯ ಇಲ್ಲ. ನಾನು ಮಾಡಿದ್ದಕ್ಕೆ ಯಾವ ಮುಖ ಇಟ್ಕೊಂಡು ಕೇಳ್ಲಿ?”

ಅಣ್ಣ ಆಗ ಆಳೆತ್ತರದ ಕನ್ನಡಿಯೊಂದಕ್ಕೆ ಗೆರೆ ಹಾಕುತ್ತಿದ್ದ. ಗಾಜು ಕೊಯ್ಯುವ ಕಟರಿನ ಚಕ್ರ ಒಂದು ಕೂದಲಿನಷ್ಟೂ ಅತ್ತಿತ್ತ ಅಲುಗಲಿಲ್ಲ. ಗೆರೆ ಮುಗಿಸಿ, ತಟ್ಟಿ, ಗಾಜು ಎರಡು ಹೋಳಾದ ಮೇಲೆ ತಲೆ ಎತ್ತಿ, “ಪುಟ್ಟಿ, ಆ ಅಡಿಪಟ್ಟಿ ಕೊಡು,” ಎಂದಿದ್ದ.

ಅವಳು ಕೊಟ್ಟಿದ್ದಳು.

ಪರೀಕ್ಷೆ ಮಾಡಿದ ದಿನ ಸಂಜೆ ಅವಳು ಅಂಗಡಿಗೆ ಹೋದಾಗ ಅಣ್ಣ ಒಬ್ಬನೇ ಇದ್ದ. ಮೇಜಿನ ಕಂಬಳಿಯ ಮೇಲೆ ಅಗಲದ ಗಾಜೊಂದು ಮಲಗಿತ್ತು. ಗೋಡೆಗೆ ಒರಗಿಸಿದ ಕನ್ನಡಿಗಳಲ್ಲಿ ಬೀದಿಯ ಜನ ತುಂಡುತುಂಡಾಗಿ ಹಾದುಹೋಗುತ್ತಿದ್ದರು. ಅವಳು ಸ್ಟೂಲಿನ ಮೇಲೆ ಕೂತಳು. ಅಣ್ಣ ಅವಳನ್ನು ನೋಡಿ ನಕ್ಕು, ಅಡಿಪಟ್ಟಿ ಒತ್ತಿಹಿಡಿದು, ಕಟರ್ ಇಟ್ಟು ಎಳೆಯತೊಡಗಿದ. ಗಾಜಿನ ಮೇಲೆ ಚಕ್ರ ಓಡುವ ಸದ್ದು ರೇಷ್ಮೆ ಹರಿದಂತೆ ಸಣ್ಣಗೆ ಕೇಳುತ್ತಿತ್ತು.

ಅವಳು ಎಂದಿನ ದನಿಯಲ್ಲೇ, ಎಂದಿಗಿಂತ ತುಸು ಮೆಲ್ಲಗೆ, ಆ ಕಿವಿಗೆ ಹೇಳಿದಳು: “ಬರೋ ವಾರ ನಾನು ಹೊರಡ್ತಾ ಇದೀನಿ ಅಣ್ಣಾ. ವಾಪಸ್ ಬರಲ್ಲ. ಈ ಸ್ಟೂಲು ಯಾರಿಗಾದ್ರೂ ಕೊಟ್ಟುಬಿಡು.”

ಚಕ್ರ ಅಡಿಪಟ್ಟಿಯ ಅಂಚು ಬಿಟ್ಟು ಹೊರಕ್ಕೆ ಜಾರಿತು. ಗಾಜಿನ ಮೇಲೆ ಬಾಲದಂಥ ಒಂದು ಸೊಟ್ಟ ಗೆರೆ ಮೂಡಿತು.

ಅಣ್ಣ ತಲೆ ಎತ್ತಲಿಲ್ಲ. “ಆಂ?” ಎನ್ನಲೂ ಇಲ್ಲ. ಆಮೇಲೆ ಕಟರನ್ನು ಕೆಳಗಿಟ್ಟು, ಗಾಜಿಗೇ ಹೇಳುವಂತೆ, “ಆ ಮಷೀನಿಗೆ ಗೊತ್ತಾಯ್ತಾ?” ಎಂದ.

“ಹೂಂ.”

“ಒತ್ಲೇ ಇಲ್ವಲ್ಲ ನಾನು.”

“ಒತ್ತದೇ ಇದ್ದಿದ್ದಕ್ಕೇ ಗೊತ್ತಾಗಿದ್ದು.”

ಅವನು ಗಲ್ಲ ಕೆರೆದುಕೊಂಡ. ಗಡ್ಡದಲ್ಲಿ ಗಾಜಿನ ಪುಡಿ ಮಿನುಗಿತು. “ಮೊದಲು ನಿಜವಾಗ್ಲೂ ಕೇಳ್ತಿರ್ಲಿಲ್ಲ ಪುಟ್ಟಿ. ಆಣೆಗೂ. ಗುಂಯ್ ಅಂತ ಒಂದೇ ಸಮ. ಆಮೇಲೊಂದು ಬೆಳಿಗ್ಗೆ ಎದ್ದಾಗ ಆ ಕಡೆ ನಲ್ಲಿ ತೊಟ್ಟಿಕ್ತಾ ಇರೋದು ಕೇಳಿಸ್ತು. ಓಡಿ ಬಂದು ನಿನಗೆ ಹೇಳೋಣ ಅಂತ ಎದ್ದೆ. ಎದ್ದು ನೋಡಿದ್ರೆ ನೀನು ನಿನ್ನ ಸೈಕಲ್ ಒರೆಸಿ ನನ್ನ ಮಂಚದ ಪಕ್ಕ ತಂದು ನಿಲ್ಲಿಸಿದ್ದೆ. ಒಂದು ರೌಂಡ್ ಹೊಡೆದು ಬಂದು ಹೇಳೋಣ ಅಂದ್ಕೊಂಡೆ.”

“ರೌಂಡು ಮುಗೀಲೇ ಇಲ್ಲ.”

“ಇವತ್ತು ನಾಳೆ ಅಂತ... ಆಮೇಲೆ ಹೇಳಿದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಅಪ್ಪ ಹೊಡೀತಾರೆ ಅಂತ ಭಯ. ಅಪ್ಪ ಹೋದ್ಮೇಲೆ ಯಾರಿಗೆ ಅಂತ ಹೇಳ್ಲಿ? ಅಷ್ಟೊತ್ತಿಗೆ ನನಗೇ ಅದು ಸತ್ತುಹೋಗಿದೆ ಅನ್ನಿಸ್ತಿತ್ತು. ಒಂದೊಂದ್ಸಲ ನಿಜವಾಗ್ಲೂ ಕೇಳಿಸ್ತಿರ್ಲಿಲ್ಲ ಕಣೇ, ನಂಬು.”

ನಂಬಿದಳು. ಅದೇ ಅವಳ ಮೈ ಉರಿಸಿತು. ಈ ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಒಂದು ಸೈಕಲ್ಲಿನ ಸಂಕೋಚಕ್ಕೆ ಅವಳ ಇಡೀ ಆಯುಷ್ಯವನ್ನು ತೆಗೆದುಕೊಂಡಿದ್ದ, ಅದೂ ತಲೆ ಸವರುತ್ತ. ಯಾರ ಮಾತೋ ಬಂದು ತನ್ನನ್ನು ನೂಕಿದಾಗ ಅದನ್ನು ಅವನ ಕಡೆಗೆ ನೂಕಿ, ಮತ್ತೆ ಇದ್ದಲ್ಲಿಗೇ ಬಂದು ನಿಲ್ಲುತ್ತಿದ್ದಳು ಅವಳು. ಅದಕ್ಕೆ ಅವನಿಗೆ ಅಗತ್ಯವೂ ಇರಲಿಲ್ಲ. ಮಾತು ನೇರವಾಗಿ ಅವನಿಗೆ ತಲುಪಿ ಆಗಿರುತ್ತಿತ್ತು. ಅವಳು ಹೇಳುವವರೆಗೆ ಕಾದು, “ಓ, ಹೌದಾ?” ಎನ್ನುತ್ತಿದ್ದ.

“ನಾನು ಇಲ್ಲಿ ಕೂತು ಹೇಳ್ತಿದ್ದೆನಲ್ಲ,” ಎಂದಳು. “ಅಮ್ಮನ ವಿಷಯ.”

“ಅದನ್ನ ಯಾರಿಗೂ ಹೇಳಿಲ್ಲ ನಾನು. ನನ್ನಾಣೆ. ನಿನ್ನ ಅತ್ತಿಗೆಗೂ ಹೇಳಿಲ್ಲ.”

“ಕೇಳಿಸ್ಕೊಂಡೆ ತಾನೆ?”

“ಹೂಂ.”

“ರೇಡಿಯೊದವನ ವಿಷಯ?”

ಅಣ್ಣ ಒಂದು ಬಟ್ಟೆ ತೆಗೆದುಕೊಂಡು ಗಾಜಿನ ಮೇಲಿನ ಸೊಟ್ಟ ಗೆರೆಯನ್ನು ಒರೆಸಲು ಹೊರಟ. ಅದು ಒರೆಸಿ ಹೋಗುವ ಗೆರೆಯಲ್ಲವೆಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಆದರೂ ಒರೆಸಿದ.

“ಅಣ್ಣಾ, ಅದನ್ನೂ ಕೇಳಿಸ್ಕೊಂಡೆಯಾ?”

ಅವನು ಒರೆಸುತ್ತಲೇ ಇದ್ದ. ಇಂಥ ಮೌನವನ್ನು ಓದುವುದು ಅವಳ ಕಸುಬಾಗಿತ್ತು.

“‘ಹೋಗು’ ಅಂದಿದ್ರೆ ಸಾಕಿತ್ತಲ್ಲೋ,” ಎಂದಳು. “ಕಿವಿ ಕೇಳಿಸುತ್ತೆ ಅಂತ ಒಪ್ಪಿಕೊಳ್ಳೋದೂ ಬೇಕಿರ್ಲಿಲ್ಲ. ಯಾವತ್ತಾದರೂ ಊಟಕ್ಕೆ ಕೂತಾಗ, ಏನೋ ಮಾತಿಗೆ, ನೀನೂ ಎಲ್ಲಾದ್ರೂ ಹೋಗಿ ಬಾಳೇ ಪುಟ್ಟಿ ಅಂದುಬಿಟ್ಟಿದ್ರೆ ಸಾಕಾಗಿತ್ತು. ನಾನು ಕಾಯ್ತಿದ್ದೆ. ಒಂದು ಗಾಜಾದ್ರೂ ಒಡೀಬೇಕಿತ್ತು ನಿನ್ನ ಕೈಲಿ ಅವತ್ತು.”

“ನೀನು ಹೋದ್ರೆ...” ಎಂದು ಅಣ್ಣ ಶುರುಮಾಡಿದ. ಮುಂದಿನ ಮಾತು ಅಮ್ಮನದು. ಅದು ಅವನ ಬಾಯಲ್ಲಿ ಅರ್ಧಕ್ಕೇ ನಿಂತಿತು. ಅವನ ಆ ಕಡೆ ಯಾರೂ ಇರಬೇಕಾಗಿರಲಿಲ್ಲ, ಅದು ಈಗ ಇಬ್ಬರಿಗೂ ಗೊತ್ತಿತ್ತು.

ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಸ್ಟೂಲನ್ನು ಮೇಜಿನ ಕೆಳಗೆ ನೂಕಿದಳು. ಅಣ್ಣನ ಮುಖದಲ್ಲಿ ಎಂದೂ ಕಾಣದ ಒಂದು ಗಲಿಬಿಲಿ ಇತ್ತು. ಯಾವ ಕಿವಿಯನ್ನು ಅವಳ ಕಡೆ ತಿರುಗಿಸಬೇಕೆಂದು ತಿಳಿಯದೆ ಅವನು ತಲೆಯನ್ನು ಅತ್ತ ಅರ್ಧ ಇತ್ತ ಅರ್ಧ ಹೊರಳಿಸಿದ. ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಹೊಡೆದರೆ ಮತ್ತೆ ಯಾವ ಕಿವಿ ಹೋಗುತ್ತದೋ ಎಂದೂ ಅನ್ನಿಸಿತು. ಆ ಯೋಚನೆಗೆ ಅವಳಿಗೇ ಒಂದು ಕೆಟ್ಟ ನಗು ಬಂತು.

ಅಷ್ಟರಲ್ಲಿ ಹೆಂಗಸೊಬ್ಬಳು ಪೇಪರಿನಲ್ಲಿ ಸುತ್ತಿದ ಫೋಟೊ ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಮೇಜಿನ ಎಡತುದಿಯಲ್ಲಿ ನಿಂತು, “ಇದಕ್ಕೆ ಗಾಜು ಹಾಕಿಕೊಡೋಕೆ ಎಷ್ಟು ಹೊತ್ತು ಬೇಕು?” ಎಂದು ಕೇಳಿದಳು. ದನಿ ಸಣ್ಣದಾಗಿತ್ತು.

ಅಣ್ಣ ತನ್ನಂತಾನೆ ಸ್ಟೂಲಿದ್ದ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಬಾಗಿಲ ಹತ್ತಿರ ನಿಂತ ತಂಗಿಯನ್ನು ನೋಡಿದ. ಅವಳು ಬಾಯಿ ತೆರೆಯಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದಳು.

ಒಂದು ಗಳಿಗೆ ಒಳಗಿಂದ ಏನೂ ಕೇಳಿಸಲಿಲ್ಲ. ಹೆಂಗಸು ಪ್ರಶ್ನೆಯನ್ನು ಮತ್ತೆ ಕೇಳಿರಬೇಕು. ಆಮೇಲೆ ಅಣ್ಣನ ದನಿ ಬಂತು, ಎಂದಿನಂತೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ:

“ಆಂ? ಏನಂದ್ರಿ? ಈ ಕಡೆ ಬಂದು ಹೇಳಿ, ಆ ಕಿವಿ ಕೇಳ್ಸಲ್ಲ.”

ಅವಳು ತಿರುಗಿ ನೋಡಲಿಲ್ಲ. ದನಿ ಬೀದಿಯಲ್ಲಿ ಹರಡಿತು. ವಾಹನಗಳ ಸದ್ದಿನಲ್ಲಿ ಒಂದಿಷ್ಟು, ಹೋಗಿಬರುವವರ ಮಾತಿನಲ್ಲಿ ಒಂದಿಷ್ಟು ಸೇರಿಕೊಂಡು, ಅವಳು ತಿರುವು ತಲುಪುವ ಮೊದಲೇ ಇಲ್ಲವಾಯಿತು. ಫುಟ್‌ಪಾತಿನ ಎಡ ಅಂಚಿಗೇ ಅಂಟಿಕೊಂಡು, ಬಲಕ್ಕೆ ಒಬ್ಬರಷ್ಟು ಜಾಗ ಬಿಟ್ಟು ತಾನು ನಡೆಯುತ್ತಿರುವುದು ಅವಳಿಗೆ ಆಗ ಗೊತ್ತಾಯಿತು. ಎದುರಿನಿಂದ ಬಂದ ಯಾರೋ ಆ ಜಾಗದಲ್ಲೇ ಹಾದುಹೋದರು.